ಹಳೆ ಕಾರಿಗೆ ಸ್ಪೀಕರ್ ಕೊಳ್ಳುವ ಮುಂಚೆ ಡೋರ್ ಪ್ಯಾಡ್ ಬಿಚ್ಚಿ

ಮಲೆನಾಡಿನಲ್ಲಿ ಹಳೆ ಕಾರಿನ ಸ್ಪೀಕರ್ ಹೋಗುವುದು ಹೆಚ್ಚಾಗಿ ಮಳೆಗಾಲದಲ್ಲೇ. ಮೂಡಿಗೆರೆ, ಸಕಲೇಶಪುರ, ಕೊಪ್ಪದ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಂಗಳದಲ್ಲಿ ನಿಂತ ಕಾರಿನ ಬಾಗಿಲೊಳಗೆ ನೀರು ಇಳಿಯುತ್ತಲೇ ಇರುತ್ತದೆ. ಗ್ಲಾಸಿನ ಹೊರಗಿನ ಬೀಡಿಂಗ್ (ರಬ್ಬರ್ ಪಟ್ಟಿ) ಹೊಸದೇ ಆಗಿದ್ದರೂ ಸ್ವಲ್ಪ ನೀರನ್ನು ಒಳಗೆ ಬಿಡುತ್ತದೆ. ಕಾರು ತಯಾರಿಸಿದವರಿಗೆ ಇದು ಗೊತ್ತು, ಅದಕ್ಕೇ ಬಾಗಿಲಿನ ತಳದಲ್ಲಿ ನೀರು ಹೋಗಲು ತೂತು ಬಿಟ್ಟಿರುತ್ತಾರೆ. ಆ ನೀರು ಇಳಿಯುವ ದಾರಿಯಲ್ಲೇ ಸ್ಪೀಕರಿನ ಬೆನ್ನು ಇರುವುದು. ಅಂಗಡಿಯ ಶೋಕೇಸಿನಲ್ಲಿ ನಿಂತು ನೋಡಿದರೆ ಇದ್ಯಾವುದೂ ಹೊಳೆಯುವುದಿಲ್ಲ. 250 ವ್ಯಾಟ್, 300 ವ್ಯಾಟ್ ಎಂದು ದಪ್ಪಕ್ಷರದಲ್ಲಿ ಬರೆದ ಡಬ್ಬಿಯೇ ಕಣ್ಣಿಗೆ ಬೀಳುತ್ತದೆ. ಬಾಗಿಲಿನ ಒಳಮೈಯ ಹೊದಿಕೆಯನ್ನು, ಅಂದರೆ ಡೋರ್ ಪ್ಯಾಡನ್ನು, ಬಿಚ್ಚಿ ಒಳಗೆ ಏನಿದೆ, ಎಷ್ಟು ಜಾಗವಿದೆ ಎಂದು ನೋಡದೆ ಯಾವ ಸ್ಪೀಕರಿಗೂ ದುಡ್ಡು ಕೊಡಬೇಡಿ.

ಅದಕ್ಕೂ ಮೊದಲು ಹಾಳಾಗಿರುವುದು ಸ್ಪೀಕರೇ ಹೌದೇ ಎಂದು ಖಾತ್ರಿ ಮಾಡಿಕೊಳ್ಳಬೇಕು. ಸ್ಟೀರಿಯೋ ಸೆಟ್ಟಿನ ಬ್ಯಾಲೆನ್ಸ್ (ಎಡ-ಬಲ) ಮತ್ತು ಫೇಡರ್ (ಮುಂದೆ-ಹಿಂದೆ) ತಿರುಗಿಸಿ ಒಂದೊಂದೇ ಸ್ಪೀಕರನ್ನು ಬೇರೆಯಾಗಿ ಕೇಳಿ. ಎಲ್ಲ ಸ್ಪೀಕರುಗಳೂ ಒಂದೇ ರೀತಿ ಒಡೆದ ಸದ್ದು ಮಾಡಿದರೆ ತಪ್ಪು ಸೆಟ್ಟಿನದು. ಬಾಗಿಲು ತೆಗೆದು ಹಾಕುವಾಗ ಸದ್ದು ಬಂದು ಹೋಗಿ ಮಾಡಿದರೆ ವೈರಿನದು. ಬಾಗಿಲಿಗೂ ಬಾಡಿಗೂ ನಡುವೆ ಕಾಣುವ ರಬ್ಬರ್ ಕೊಳವೆಯೊಳಗೆ ಆ ವೈರು ದಿನಕ್ಕೆ ಹತ್ತಾರು ಸಲ ಮಡಚಿ ಬಿಚ್ಚುತ್ತಿರುತ್ತದೆ, ಹೆಚ್ಚು ಬಳಕೆಯಾಗುವ ಡ್ರೈವರ್ ಬಾಗಿಲಿನದ್ದೇ ಮೊದಲು ಹೋಗುತ್ತದೆ. ಮೇಲಿನ ಪ್ಲಾಸ್ಟಿಕ್ ಚೆನ್ನಾಗಿಯೇ ಕಾಣುತ್ತದೆ, ಒಳಗಿನ ತಾಮ್ರದ ಎಳೆಗಳು ಕಡಿದಿರುತ್ತವೆ. ಮೆಲ್ಲಗೆ ಎಳೆದರೆ ಆ ಜಾಗದಲ್ಲಿ ವೈರು ರಬ್ಬರಿನ ಹಾಗೆ ಹಿಗ್ಗುತ್ತದೆ. ಇಪ್ಪತ್ತು ರೂಪಾಯಿಯ ವೈರು ಸೇರಿಸಿದರೆ ಮುಗಿಯುವ ಕೆಲಸಕ್ಕೆ ಎಷ್ಟೋ ಒಳ್ಳೆಯ ಸ್ಪೀಕರುಗಳು ಗುಜರಿ ಸೇರಿವೆ.

ಸ್ಪೀಕರನ್ನು ಪರೀಕ್ಷಿಸಲು ಮಲ್ಟಿಮೀಟರ್ ಒಂದಿದ್ದರೆ ಸಾಕು. ವೈರು ಕಳಚಿ, ಮೀಟರನ್ನು ಓಮ್‌ಗೆ ಇಟ್ಟು ಸ್ಪೀಕರಿನ ಎರಡು ಟರ್ಮಿನಲ್‌ಗಳಿಗೆ ಹಿಡಿಯಿರಿ. 4 ಓಮ್ ಸ್ಪೀಕರ್ ಸರಿಯಿದ್ದರೆ 3.2ರಿಂದ 3.8 ಓಮ್ ತೋರಿಸುತ್ತದೆ. ಮೀಟರ್ ಏನೂ ತೋರಿಸದಿದ್ದರೆ ಒಳಗಿನ ತಂತಿ ಸುರುಳಿ, ಅಂದರೆ ಕಾಯಿಲ್, ಕಡಿದಿದೆ. ಸೊನ್ನೆಯ ಹತ್ತಿರ ಬಂದರೆ ಶಾರ್ಟ್ ಆಗಿದೆ, ಅದನ್ನು ಹಾಗೇ ಬಿಟ್ಟರೆ ಸೆಟ್ಟಿಗೂ ಕೇಡು. ಮೀಟರ್ ಸರಿ ತೋರಿಸಿಯೂ ಸದ್ದು ಗರಗರ ಎಂದರೆ ಕೋನಿನ, ಅಂದರೆ ಮುಂದಿನ ಅಲುಗುವ ಬಟ್ಟಲಿನ, ಎರಡು ಬದಿಗೆ ಬೆರಳಿಟ್ಟು ಸಮನಾಗಿ ಒಳಕ್ಕೆ ಒತ್ತಿ. ಏನೂ ಉಜ್ಜದೆ ಮೆತ್ತಗೆ ಹೋಗಿ ಬರಬೇಕು. ಕರಕರ ಎಂದು ಕೈಗೆ ತಗಲಿದರೆ ಮ್ಯಾಗ್ನೆಟ್ಟಿನ ಸಂದಿಯಲ್ಲಿ ತುಕ್ಕು ಕೂತಿದೆ ಅಥವಾ ಕಾಯಿಲ್ ಜಾಗ ತಪ್ಪಿದೆ. ಅಂಥದನ್ನು ರಿಪೇರಿ ಮಾಡಿಸಲು ಹೋಗಬೇಡಿ, ಬದಲಾಯಿಸಿ.

ಇನ್ನು ಪ್ಯಾಡ್ ಬಿಚ್ಚುವ ಕೆಲಸ. ಮೊದಲು ಬ್ಯಾಟರಿಯ ಮೈನಸ್ ತೆಗೆಯಿರಿ. ಕಂಪನಿಯೇ ಕೊಟ್ಟ ಹಳೆ ಸೆಟ್ ಇದ್ದರೆ ಅದಕ್ಕೆ ಸೆಕ್ಯೂರಿಟಿ ಕೋಡ್ ಇದೆಯೇ ಎಂದು ಕಾರಿನ ಪುಸ್ತಕದಲ್ಲಿ ನೋಡಿಕೊಂಡೇ ಬ್ಯಾಟರಿಗೆ ಕೈ ಹಾಕಿ, ಕೆಲವು ಸೆಟ್ಟುಗಳು ಕರೆಂಟ್ ಹೋಗಿ ಬಂದ ಮೇಲೆ ಕೋಡ್ ಕೇಳುತ್ತವೆ. ಕೈಯಲ್ಲಿ ತಿರುಗಿಸುವ ಗ್ಲಾಸ್ ಹ್ಯಾಂಡಲ್ ಇರುವ ಬಾಗಿಲಲ್ಲಿ ಆ ಹ್ಯಾಂಡಲ್ ಬರುವುದಿಲ್ಲ ಎಂದು ಹಲವರು ಸ್ಕ್ರೂಡ್ರೈವರ್ ಹಾಕಿ ಮೀಟಿ ಪ್ಯಾಡ್ ಹರಿದುಕೊಳ್ಳುತ್ತಾರೆ. ಅದರ ಹಿಂದೆ ಕುದುರೆ ಲಾಳದ ಆಕಾರದ ಒಂದು ಸ್ಪ್ರಿಂಗ್ ಕ್ಲಿಪ್ ಇರುತ್ತದೆ. ಹಳೆ ಕಾಟನ್ ಬಟ್ಟೆಯ ಪಟ್ಟಿಯೊಂದನ್ನು ಹ್ಯಾಂಡಲಿಗೂ ಪ್ಯಾಡಿಗೂ ನಡುವೆ ತೂರಿಸಿ, ಎರಡು ತುದಿ ಹಿಡಿದು ಗರಗಸ ಎಳೆದ ಹಾಗೆ ಆ ಕಡೆ ಈ ಕಡೆ ಎಳೆಯಿರಿ. ಬಟ್ಟೆಯ ನೂಲು ಕ್ಲಿಪ್ಪಿನ ತುದಿಗೆ ಸಿಕ್ಕಿ ಅದನ್ನು ಹೊರಗೆ ಎಳೆಯುತ್ತದೆ. ಕ್ಲಿಪ್ ಚಿಮ್ಮಿ ಹುಲ್ಲಿಗೆ ಬಿದ್ದರೆ ಸಿಗುವುದಿಲ್ಲ, ಹಾಗಾಗಿ ಇನ್ನೊಂದು ಕೈಯನ್ನು ಹತ್ತಿರವೇ ಅಡ್ಡ ಹಿಡಿದಿರಿ. ಪ್ಯಾಡಿನ ಅಂಚಿನ ಪ್ಲಾಸ್ಟಿಕ್ ಕ್ಲಿಪ್ಪುಗಳು ಇಷ್ಟು ವರ್ಷದ ಬಿಸಿಲಿಗೆ ಬಿಸ್ಕತ್ತಿನಂತಾಗಿರುತ್ತವೆ, ಮೂರು ನಾಲ್ಕು ಮುರಿಯುವುದು ಖಂಡಿತ. ಅದೇ ಕಾರಿಗೆ ಹೊಂದುವ ಹತ್ತು ಕ್ಲಿಪ್ ಮೊದಲೇ ತಂದಿಟ್ಟುಕೊಳ್ಳಿ. ಮುರಿದದ್ದು ಮುರಿದ ಹಾಗೇ ಪ್ಯಾಡ್ ಕೂರಿಸಿದರೆ ಎಷ್ಟು ಒಳ್ಳೆಯ ಸ್ಪೀಕರ್ ಹಾಕಿದರೂ ಪ್ಯಾಡೇ ಜೊತೆಗೆ ಕಟಕಟ ಹಾಡುತ್ತದೆ.

ಪ್ಯಾಡ್ ತೆಗೆದ ಮೇಲೆ ಒಂದು ಟಾರ್ಚ್ ಹಿಡಿದು ಬಾಗಿಲಿನ ತಳ ನೋಡಿ. ಕಾಫಿ ತೋಟದಲ್ಲಿ ನಿಲ್ಲುವ ಕಾರಾದರೆ ಗ್ಲಾಸಿನ ಸಂದಿಯಿಂದ ಬಿದ್ದ ಸಿಲ್ವರ್ ಓಕ್ ಎಲೆಯ ಚೂರುಗಳು, ಕೆಂಪು ಮಣ್ಣು, ತುಕ್ಕಿನ ಹುಡಿ ಎಲ್ಲ ಸೇರಿ ಕೆಸರಿನ ಬಿಲ್ಲೆಯಾಗಿ ನೀರು ಹೋಗುವ ತೂತಿನ ಮೇಲೆ ಕೂತಿರುತ್ತದೆ. ಒಳಗಿನ ತಗಡಿನ ಮೇಲೆ ಕಂದು ಬಣ್ಣದ ಗೆರೆಯೊಂದು ಕಂಡರೆ ಅಷ್ಟು ಎತ್ತರಕ್ಕೆ ನೀರು ನಿಂತಿತ್ತು ಎಂದು ಅರ್ಥ. ಆ ಗೆರೆ ಸ್ಪೀಕರಿನ ಕೆಳ ಅಂಚನ್ನು ಮುಟ್ಟಿದ್ದರೆ ಹಳೆಯ ಸ್ಪೀಕರ್ ಯಾಕೆ ಹೋಯಿತು ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ತೂತುಗಳನ್ನು ಕಡ್ಡಿಯಿಂದ ಬಿಡಿಸಿ, ಒಂದು ಚೊಂಬು ನೀರು ಸುರಿದು ಸಲೀಸಾಗಿ ಹರಿದು ಹೋಗುವುದನ್ನು ನೋಡಿ. ಇದನ್ನು ಮಾಡದೆ ಹೊಸ ಸ್ಪೀಕರ್ ಹಾಕಿದರೆ ಮುಂದಿನ ಆಷಾಢಕ್ಕೆ ಅದೂ ಅಲ್ಲಿಗೇ ಬಂದು ನಿಲ್ಲುತ್ತದೆ.

ಈಗ ಅಳತೆ. ನಾಲ್ಕು ಇಂಚು, ಐದೂಕಾಲು ಇಂಚು, ಆರೂವರೆ ಇಂಚು ಎನ್ನುವುದು ಬರೀ ಹೆಸರು; ಒಂದೇ ಹೆಸರಿನ ಎರಡು ಕಂಪನಿಯ ಸ್ಪೀಕರುಗಳಿಗೆ ಬೇಕಾದ ತೂತು ಬೇರೆ ಬೇರೆ. ಆರೂವರೆ ಇಂಚಿನದ್ದಕ್ಕೆ 127ರಿಂದ 145 ಮಿ.ಮೀ.ವರೆಗೆ ತೂತು ಕೇಳುವವು ಇವೆ. ಹಾಗಾಗಿ ಇಂಚು ಬಿಟ್ಟು ಮಿ.ಮೀ. ಹಿಡಿಯಿರಿ. ತಗಡಿನ ತೂತಿನ ಅಗಲ, ಸ್ಕ್ರೂ ತೂತುಗಳ ನಡುವಿನ ದೂರ, ತಗಡಿನಿಂದ ಒಳಕ್ಕೆ ಎಷ್ಟು ಆಳ ಸಿಗುತ್ತದೆ, ತಗಡಿನಿಂದ ಪ್ಯಾಡಿನ ಜಾಲರಿಯವರೆಗೆ ಎಷ್ಟು ಜಾಗವಿದೆ — ಈ ನಾಲ್ಕನ್ನೂ ಬರೆದುಕೊಳ್ಳಿ. ಆಳ ಅಳೆಯುವಾಗ ಗ್ಲಾಸನ್ನು ಪೂರ್ತಿ ಕೆಳಗಿಳಿಸಿ, ಆಮೇಲೆ ಅರ್ಧಕ್ಕೆ, ಆಮೇಲೆ ಪೂರ್ತಿ ಮೇಲಕ್ಕೆ. ಗ್ಲಾಸ್ ಕೆಳಗಿರುವಾಗ ಗ್ಲಾಸೇ ಮ್ಯಾಗ್ನೆಟ್ಟಿಗೆ ಹತ್ತಿರ ಬರುತ್ತದೆ, ನಡುವೆ ಇರುವಾಗ ಗ್ಲಾಸ್ ಏರಿಸಿ ಇಳಿಸುವ ಮೆಷಿನ್ನಿನ ತೋಳು ಬರಬಹುದು. ಸಿಕ್ಕಿದ ಅತಿ ಕಡಿಮೆ ಅಳತೆಯಿಂದ 5 ಮಿ.ಮೀ. ಕಳೆಯಿರಿ. ಚಾರ್ಮಾಡಿ ಘಾಟಿಯ ತಿರುವಿನಲ್ಲಿ ಸಡಿಲಾದ ಗ್ಲಾಸ್ ಒಳಗೆ ತೂಗಾಡುತ್ತದೆ, ಆ 5 ಮಿ.ಮೀ. ಅದಕ್ಕೆ ಬೇಕು. ಉಳಿದದ್ದೇ ನಿಮ್ಮ ಬಾಗಿಲು ಒಪ್ಪುವ ಆಳ. ಆರೂವರೆ ಇಂಚಿನ ಸ್ಪೀಕರುಗಳು ಸಾಮಾನ್ಯವಾಗಿ 50ರಿಂದ 65 ಮಿ.ಮೀ. ಆಳ ಕೇಳುತ್ತವೆ, ನಾಲ್ಕು ಇಂಚಿನವು 40ರಿಂದ 50.

ಆಳ ಸಾಲದಿದ್ದರೆ 12ರಿಂದ 18 ಮಿ.ಮೀ. ದಪ್ಪದ ರಿಂಗ್ ಹಾಕಿ ಸ್ಪೀಕರನ್ನು ಹೊರಕ್ಕೆ ತರಬಹುದು, ಆದರೆ ಆಗ ಮುಂದಿನ ಜಾಲರಿಗೆ ಕೋನ್ ತಾಗದಂತೆ ನೋಡಬೇಕು. ಕೋನ್ ಬಾಸ್ ಬಂದಾಗ ಕೆಲವು ಮಿ.ಮೀ. ಮುಂದಕ್ಕೆ ಬರುತ್ತದೆ, ಕೋಆಕ್ಸಿಯಲ್ ಆದರೆ ಅದರ ನಡುವೆ ಕೂತ ಟ್ವೀಟರೂ (ಸಣ್ಣ ಸ್ವರಗಳ ಪುಟ್ಟ ಸ್ಪೀಕರ್) ಮುಂದಕ್ಕೆ ಚಾಚಿರುತ್ತದೆ. ಆ ರಿಂಗನ್ನು ಎಂಡಿಎಫ್‌ನಲ್ಲಿ (ಮರದ ನಾರು ಒತ್ತಿ ಮಾಡಿದ ಹಲಗೆ) ಮಾಡಿಸಬೇಡಿ. ಒಣ ಊರುಗಳಲ್ಲಿ ನಡೆಯುತ್ತದೆ; ನಮ್ಮಲ್ಲಿ ಎರಡು ಮಳೆಗಾಲಕ್ಕೆ ಅದು ನೆನೆದ ರಸ್ಕಿನ ಹಾಗೆ ಉಬ್ಬಿ ಸ್ಕ್ರೂ ಹಿಡಿತ ಬಿಡುತ್ತದೆ. ಗಟ್ಟಿ ಪ್ಲಾಸ್ಟಿಕ್ ರಿಂಗ್ ಒಳ್ಳೆಯದು, ಅದಿಲ್ಲದಿದ್ದರೆ ಮರೈನ್ ಪ್ಲೈ ಕೊಯ್ಯಿಸಿ ಎಲ್ಲ ಅಂಚಿಗೂ ಎರಡು ಕೋಟ್ ಪೇಂಟ್ ಹೊಡೆದು ಹಾಕಿ. ಐದೂಕಾಲು ಇಂಚಿನ ಜಾಗಕ್ಕೆ ತಗಡು ಕತ್ತರಿಸಿ ಆರೂವರೆ ತುರುಕುವ ಆಸೆ ಬೇಡ. ಕತ್ತರಿಸಿದ ಅಂಚಿಗೆ ಪೇಂಟ್ ಇರುವುದಿಲ್ಲ, ತುಕ್ಕು ಅಲ್ಲಿಂದಲೇ ಶುರು. ಸರಿಯಾಗಿ ಕೂತ ಐದೂಕಾಲು, ವಾರೆಯಾಗಿ ಕೂತ ಆರೂವರೆಗಿಂತ ಎಷ್ಟೋ ಮೇಲು.

ವ್ಯಾಟಿನ ವಿಷಯಕ್ಕೆ ಬರೋಣ, ದುಡ್ಡು ಪೋಲಾಗುವುದು ಇಲ್ಲೇ ಹೆಚ್ಚು. ಡಬ್ಬಿಯ ಮೇಲಿನ ದೊಡ್ಡ ಸಂಖ್ಯೆ ಒಂದು ಕ್ಷಣ ತಡೆದುಕೊಳ್ಳುವ ಗರಿಷ್ಠ ಶಕ್ತಿ. ನೋಡಬೇಕಾದದ್ದು ಆರ್‌ಎಂಎಸ್ ಎಂದು ಸಣ್ಣದಾಗಿ ಬರೆದದ್ದು, ಅಂದರೆ ಬಿಡದೆ ತಡೆದುಕೊಳ್ಳುವ ಶಕ್ತಿ. 250 ವ್ಯಾಟ್ ಎಂದು ಬರೆದ ಡಬ್ಬಿಯ ಹಿಂಬದಿಯಲ್ಲಿ ಅದು 35 ಅಥವಾ 40 ಇರುವುದು ಸಾಮಾನ್ಯ. ಸೆಟ್ಟಿನ ಮೇಲೆ 50 ಇಂಟು 4 (ನಾಲ್ಕು ಸ್ಪೀಕರಿಗೆ ತಲಾ 50 ವ್ಯಾಟ್) ಎಂದು ಬರೆದಿರುವುದೂ ಇದೇ ಬಗೆಯ ಲೆಕ್ಕ. ಎಂಜಿನ್ ಓಡುವಾಗ ಕಾರಿನಲ್ಲಿ ಇರುವುದು ಸುಮಾರು 14.4 ವೋಲ್ಟ್. ಸೆಟ್ಟಿನೊಳಗಿನ ಚಿಪ್ ಅಷ್ಟನ್ನೂ ಸ್ಪೀಕರಿಗೆ ಕೊಟ್ಟರೂ ಆರ್‌ಎಂಎಸ್ ಲೆಕ್ಕದಲ್ಲಿ 10 ವೋಲ್ಟ್ ಚಿಲ್ಲರೆ. ಅದನ್ನು ಅದರಿಂದಲೇ ಗುಣಿಸಿ 4 ಓಮ್‌ನಿಂದ ಭಾಗಿಸಿದರೆ 26 ವ್ಯಾಟ್. ಚಿಪ್ಪಿನಲ್ಲೇ ಕಳೆದುಹೋಗುವುದನ್ನು ಬಿಟ್ಟರೆ ಸದ್ದು ಒಡೆಯದ ಹಾಗೆ ಒಂದೊಂದು ಸ್ಪೀಕರಿಗೆ ಸಿಗುವುದು 18 ವ್ಯಾಟ್ ಆಸುಪಾಸು. ಬೇರೆ ಆಂಪ್ಲಿಫೈಯರ್ ಇಲ್ಲದ ಹೆಚ್ಚಿನ ಸೆಟ್ಟುಗಳು ಇದರ ಸುತ್ತಮುತ್ತಲೇ ಇರುತ್ತವೆ.

ಆ 18 ವ್ಯಾಟಿನಲ್ಲಿ ಹೆಚ್ಚು ಸದ್ದು ಕೊಡುವ ಸ್ಪೀಕರ್ ಯಾವುದು ಎಂದು ಹೇಳುವುದು ಸೆನ್ಸಿಟಿವಿಟಿ. ಡೆಸಿಬೆಲ್ಲಿನಲ್ಲಿ ಬರೆದಿರುತ್ತಾರೆ, ಯಾರೂ ಓದುವುದಿಲ್ಲ. ಸೆಟ್ಟಿನಿಂದಲೇ ನಡೆಸುವ ಹಳೆ ಕಾರಿಗೆ ಇದಕ್ಕಿಂತ ಮುಖ್ಯವಾದ ಸಂಖ್ಯೆ ಇಲ್ಲ. 3 ಡೆಸಿಬೆಲ್ ಹೆಚ್ಚು ಎಂದರೆ ಅರ್ಧ ಶಕ್ತಿಯಲ್ಲೇ ಅಷ್ಟು ಸದ್ದು. 91 ಡೆಸಿಬೆಲ್ಲಿನ ಸ್ಪೀಕರ್ 18 ವ್ಯಾಟಿನಲ್ಲಿ ಕೊಡುವುದನ್ನು 87ರದ್ದು ಕೊಡಬೇಕಾದರೆ 45 ವ್ಯಾಟ್ ಬೇಕು, ಅಂದರೆ ಬೇರೆ ಆಂಪ್ಲಿಫೈಯರೇ ಬೇಕು. ದುಬಾರಿ ಸ್ಪೀಕರುಗಳಲ್ಲಿ ಹಲವು ಆಂಪ್ಲಿಫೈಯರ್ ನಂಬಿಕೊಂಡೇ ಮಾಡಿದವು. ಅವನ್ನು ಬರೀ ಸೆಟ್ಟಿಗೆ ಕೊಟ್ಟರೆ ಹಳೆಯದಕ್ಕಿಂತ ಸಣ್ಣಗೆ ಹಾಡುತ್ತವೆ. ಇಲ್ಲೊಂದು ಎಚ್ಚರ ಬೇಕು. ಕೆಲವರು ಈ ಸಂಖ್ಯೆಯನ್ನು 1 ವ್ಯಾಟಿಗೆ ಅಳೆದು ಬರೆಯುತ್ತಾರೆ, ಕೆಲವರು 2.83 ವೋಲ್ಟಿಗೆ. 4 ಓಮ್ ಸ್ಪೀಕರಿಗೆ 2.83 ವೋಲ್ಟ್ ಎಂದರೆ 2 ವ್ಯಾಟ್. ಹಾಗಾಗಿ ಎರಡನೇ ರೀತಿಯಲ್ಲಿ ಬರೆದ ಸಂಖ್ಯೆಯಿಂದ 3 ಕಳೆದು ಹೋಲಿಸಿ. ಸೋನಿ, ಪಯೋನಿಯರ್, ಜೆಬಿಎಲ್, ಇನ್ಫಿನಿಟಿ ಯಾವುದನ್ನೇ ಮುಂದಿಟ್ಟರೂ ಕಂಪನಿಯ ಹೆಸರಿಗಿಂತ ಮೊದಲು ಆ ಮಾಡೆಲಿನ ಈ ಒಂದು ಸಾಲು ನೋಡಿ.

ಓಮ್ 4 ಇದ್ದರೆ ಚಿಂತೆಯಿಲ್ಲ. 2 ಓಮ್‌ನವು ಹೆಚ್ಚು ಸದ್ದು ಕೊಟ್ಟರೂ ಹಳೆ ಸೆಟ್ಟಿನ ಚಿಪ್ಪನ್ನು ಕಾಯಿಸುತ್ತವೆ. ಒಂದೇ ವೈರಿಗೆ ಎರಡು 4 ಓಮ್ ಸ್ಪೀಕರ್ ಪಕ್ಕಪಕ್ಕ ಸೇರಿಸಿದರೂ ಅದು 2 ಓಮ್ ಆಗುತ್ತದೆ. ಅರ್ಧ ಗಂಟೆ ಹಾಡಿ ತಾನೇ ನಿಂತು, ತಣ್ಣಗಾದ ಮೇಲೆ ಮತ್ತೆ ಹಾಡುವ ಸೆಟ್ಟುಗಳ ಹಿಂದೆ ಹೆಚ್ಚಾಗಿ ಇದೇ ಕಾರಣ.

ಇನ್ನು ಯಾವುದರಿಂದ ಮಾಡಿದ ಸ್ಪೀಕರ್ ಎಂಬುದು. ಬಯಲುಸೀಮೆಯ ಅರಸೀಕೆರೆ, ಕಡೂರಿನವರಿಗೆ ಇದು ಅಷ್ಟು ದೊಡ್ಡ ಪ್ರಶ್ನೆಯಲ್ಲ, ಅಲ್ಲಿ ಕಾಟ ಕೊಡುವುದು ದೂಳು. ಮಲೆನಾಡಿನ ಕಡೆಯವರು ಮಾತ್ರ ಕೋನನ್ನು ಮುಟ್ಟಿ ನೋಡಿಯೇ ಕೊಳ್ಳಬೇಕು. ಕಾಗದದ ಕೋನಿನ ದನಿ ಸೊಗಸು, ಮಾತು ತುಂಬ ಸಹಜವಾಗಿ ಕೇಳುತ್ತದೆ. ಆದರೆ ಮೇಲೆ ಲೇಪ ಇಲ್ಲದ ಕಾಗದ ತೇವ ಹೀರಿ ಭಾರವಾಗುತ್ತದೆ, ಆಕಾರ ಕಳೆದುಕೊಳ್ಳುತ್ತದೆ. ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ ಕೋನಿಗೆ ನೀರಿನ ಭಯವಿಲ್ಲ. ಕೋನಿನ ಸುತ್ತ ಇರುವ ಮಡಿಕೆ ರಬ್ಬರಿನದಾಗಿರಲಿ. ಫೋಮ್ ಮಡಿಕೆ ಕೆಲವೇ ವರ್ಷದಲ್ಲಿ ಬೆರಳಿಗೆ ಹುಡಿಹುಡಿಯಾಗಿ ಬರುತ್ತದೆ, ಬಟ್ಟೆಯದು ಬೂಸ್ಟು ಹಿಡಿಯುತ್ತದೆ. ಹಿಂಬದಿ ತಿರುಗಿಸಿ ಮ್ಯಾಗ್ನೆಟ್ಟಿನ ತಗಡಿಗೆ ಪೇಂಟ್ ಸರಿಯಾಗಿದೆಯೇ, ಟರ್ಮಿನಲ್ ಪಕ್ಕದ ಹೆಣೆದ ತಂತಿ ಕೋನಿಗೆ ಗಟ್ಟಿಯಾಗಿ ಅಂಟಿದೆಯೇ ನೋಡಿ. ತೋಟಕ್ಕೆ ಓಡಾಡುವ ಟಾಪ್ ಬಿಚ್ಚುವ ಜೀಪಿಗಾದರೆ ಈ ಚರ್ಚೆಯೇ ಬೇಡ, ದೋಣಿಗಳಿಗೆಂದು ಮಾಡಿದ ಮರೈನ್ ಸ್ಪೀಕರನ್ನೇ ತನ್ನಿ. ಅದರ ಮೇಲೆ ಐಪಿ ಎಂದು ಎರಡು ಅಂಕೆ ಇರುತ್ತದೆ, ಮೊದಲನೆಯದು ದೂಳಿಗೆ, ಎರಡನೆಯದು ನೀರಿಗೆ. 65 ಇದ್ದರೆ ದೂಳೂ ಹೋಗದು, ಪೈಪಿನ ನೀರು ಬಿದ್ದರೂ ತಡೆಯುತ್ತದೆ.

ಕೋಆಕ್ಸಿಯಲ್ ಬೇಕೋ ಕಾಂಪೊನೆಂಟ್ ಬೇಕೋ ಎಂದು ಎಲ್ಲರೂ ಕೇಳುತ್ತಾರೆ. ಕೋಆಕ್ಸಿಯಲ್‌ನಲ್ಲಿ ಟ್ವೀಟರ್ ಸ್ಪೀಕರಿನ ನಡುವೆಯೇ ಕೂತಿರುತ್ತದೆ, ಕಾಂಪೊನೆಂಟ್‌ನಲ್ಲಿ ಬೇರೆ ಇದ್ದು ಜೊತೆಗೆ ಸ್ವರಗಳನ್ನು ಎರಡಕ್ಕೂ ಹಂಚುವ ಕ್ರಾಸ್‌ಓವರ್ ಡಬ್ಬಿಯೊಂದು ಬರುತ್ತದೆ. ಸ್ಪೀಕರ್ ಇರುವುದು ಮೊಣಕಾಲಿನ ಕೆಳಗೆ, ಸಣ್ಣ ಸ್ವರಗಳು ನೇರವಾಗಿ ಹೋಗುವಂಥವು, ಹಾಗಾಗಿ ಟ್ವೀಟರನ್ನು ಕನ್ನಡಿಯ ಮೂಲೆಯಲ್ಲಿ ಕಿವಿಯ ಎತ್ತರಕ್ಕೆ ಇಟ್ಟರೆ ಹಾಡು ಎದುರಿನಿಂದ ಬಂದಂತೆ ಕೇಳುತ್ತದೆ, ನಿಜ. ಆದರೆ ಕ್ರಾಸ್‌ಓವರನ್ನು ಬಾಗಿಲೊಳಗೆ ಇಟ್ಟರೆ ನೀರು, ಡ್ಯಾಶ್‌ಬೋರ್ಡಿನೊಳಗೆ ಇಡಲು ಹೊಸ ವೈರು ಎಳೆಯಬೇಕು. ಆಂಪ್ಲಿಫೈಯರ್ ಇಲ್ಲದ, ದಿನವೂ ಓಡುವ ಹಳೆ ಕಾರಿಗೆ ಟ್ವೀಟರ್ ತಿರುಗಿಸಲು ಬರುವ ಒಳ್ಳೆಯ ಕೋಆಕ್ಸಿಯಲ್ ಜೋಡಿಯೇ ಸರಿ ಎಂಬುದು ನನ್ನ ಖಚಿತ ಅಭಿಪ್ರಾಯ. ಮೂರು ದಾರಿ, ನಾಲ್ಕು ದಾರಿ (3-ವೇ, 4-ವೇ) ಎಂದು ಹೆಚ್ಚು ಟ್ವೀಟರ್ ಪೋಣಿಸಿದ್ದಕ್ಕೆ ಮರುಳಾಗಬೇಡಿ. ಎಫ್‌ಎಂನಲ್ಲಿ ಬರುವ ಸದ್ದು 15,000 ಹರ್ಟ್ಸ್‌ಗೇ ನಿಲ್ಲುತ್ತದೆ. ಬೆಳಗ್ಗೆ ಬೇಲೂರು ದಾರಿಯಲ್ಲಿ ಹಾಸನ ಆಕಾಶವಾಣಿ ಹಾಕಿಕೊಂಡು ಹೋಗುವವರಿಗೆ ಬೇಕಾದದ್ದು ವಾರ್ತೆ ಓದುವವರ ಒಂದೊಂದು ಅಕ್ಷರ ಸ್ಪಷ್ಟವಾಗಿ ಕೇಳುವುದು. ಮಾತಿನ ಆ ಸದ್ದೆಲ್ಲ ನಡುವಿನ ಸ್ವರದಲ್ಲಿದೆ, ಅದನ್ನು ಹೊರುವುದು ದೊಡ್ಡ ಕೋನ್.

ದುಡ್ಡು ಒಂದು ಜೋಡಿಗೆ ಮಾತ್ರ ಇದ್ದರೆ ಮುಂದಿನ ಬಾಗಿಲಿಗೆ ಹಾಕಿ. ಹಿಂದೆ ಟ್ರೇ ಮೇಲೆ 6 ಬೈ 9 ಇಂಚಿನ ಮೊಟ್ಟೆಯಾಕಾರದ ಸ್ಪೀಕರ್ ಇಡುವುದು ನಮ್ಮ ಕಡೆ ಹಳೆಯ ಪದ್ಧತಿ. ಡಿಕ್ಕಿ ಬೇರೆಯಾಗಿರುವ ಸೆಡಾನ್‌ನಲ್ಲಿ ಅದಕ್ಕೆ ಅರ್ಥವಿದೆ, ಡಿಕ್ಕಿಯೇ ಡಬ್ಬಿಯಾಗಿ ಬಾಸ್ ಕೊಡುತ್ತದೆ. ಚಿಕ್ಕ ಹ್ಯಾಚ್‌ಬ್ಯಾಕಿನ ಟ್ರೇ ತೆಳು ಹಾರ್ಡ್‌ಬೋರ್ಡು, ತೇವಕ್ಕೆ ಬಾಗುತ್ತದೆ, ಸುತ್ತ ಸಂದಿ ಬೇರೆ. ಭಾರದ ಮ್ಯಾಗ್ನೆಟ್ ಹೊತ್ತು ದಡದಡ ಎನ್ನುವುದೇ ಹೆಚ್ಚು. ಅಪಘಾತವಾದರೆ ಕಟ್ಟದೆ ಇಟ್ಟ ಸ್ಪೀಕರ್ ಡಬ್ಬಿ ಹಿಂದೆ ಕೂತವರ ತಲೆಗೇ ಬರುತ್ತದೆ. ಹಾಕಲೇಬೇಕೆಂದರೆ 12 ಮಿ.ಮೀ. ಪ್ಲೈ ಟ್ರೇ ಮಾಡಿಸಿ, ಕಾರಿನ ಬಾಡಿಯ ತಗಡಿಗೆ ಬೋಲ್ಟ್ ಹಾಕಿ ಬಿಗಿಸಿ.

ಬಾಗಿಲಲ್ಲಿ ತೂತೇ ಇಲ್ಲದೆ ಡ್ಯಾಶ್‌ಬೋರ್ಡಿನಲ್ಲಿ ನಾಲ್ಕು ಇಂಚಿನ ಜಾಗ ಮಾತ್ರ ಇರುವ ಕಾರುಗಳಿಗೆ ಒಂದು ಸಣ್ಣ ಉಪಾಯ ಹೇಳುತ್ತೇನೆ. ನಾಲ್ಕು ಇಂಚಿನ ಕೋನಿಗೆ ಬಾಸ್ ಕೊಟ್ಟರೆ ಅದು ಒದ್ದಾಡುತ್ತದೆ, ಮಾತೂ ಕಲಸಿಹೋಗುತ್ತದೆ. ಸೆಟ್ಟಿನಲ್ಲಿ ಬಾಸ್ ತಡೆಯುವ ಹೈ ಪಾಸ್ ಫಿಲ್ಟರ್ ಇದ್ದರೆ 120 ಹರ್ಟ್ಸ್‌ಗೆ ಇಡಿ, ಬಾಗಿಲಿನ ಆರೂವರೆಗಾದರೆ 80 ಸಾಕು. ಫಿಲ್ಟರ್ ಇಲ್ಲದ ಹಳೆ ಸೆಟ್ಟಾದರೆ ಪ್ರತಿ ಸ್ಪೀಕರಿನ ಪ್ಲಸ್ ವೈರಿನಲ್ಲಿ ಒಂದು ನಾನ್‌ಪೋಲಾರ್ (ಪ್ಲಸ್ ಮೈನಸ್ ಭೇದವಿಲ್ಲದ) ಕೆಪಾಸಿಟರ್ ಸೇರಿಸಿ. 4 ಓಮ್ ಸ್ಪೀಕರಿಗೆ 400 ಮೈಕ್ರೋಫ್ಯಾರಡ್ ಹಾಕಿದರೆ 100 ಹರ್ಟ್ಸ್, 200 ಹಾಕಿದರೆ 200 ಹರ್ಟ್ಸ್‌ನಿಂದ ಕೆಳಗಿನದು ಇಳಿಯುತ್ತಾ ಹೋಗುತ್ತದೆ. ಇಷ್ಟು ದೊಡ್ಡ ನಾನ್‌ಪೋಲಾರ್ ಎಲ್ಲ ಅಂಗಡಿಯಲ್ಲೂ ಸಿಗುವುದಿಲ್ಲ. ಟಿವಿ ರಿಪೇರಿ ಅಂಗಡಿಯಲ್ಲಿ ಸಿಗುವ 470 ಮೈಕ್ರೋಫ್ಯಾರಡ್, 50 ವೋಲ್ಟಿನ ಸಾಮಾನ್ಯ ಕೆಪಾಸಿಟರ್ ಎರಡು ತಂದು, ಮೈನಸ್ಸಿಗೆ ಮೈನಸ್ ಸೇರಿಸಿ ಬೆಸುಗೆ ಹಾಕಿ. ಹೊರಗಿನ ಎರಡು ಪ್ಲಸ್ ತುದಿಗಳನ್ನು ಬಳಸಿ. ಅದು 235 ಆಗುತ್ತದೆ, 170 ಹರ್ಟ್ಸ್ ಹತ್ತಿರ ಕಟ್ ಆಗುತ್ತದೆ. ನಾಲ್ಕು ಇಂಚಿಗೆ ಹೇಳಿ ಮಾಡಿಸಿದ ಅಳತೆ. ಒಂದೇ ಸಾಮಾನ್ಯ ಕೆಪಾಸಿಟರನ್ನು ಹಾಗೇ ಹಾಕಿದರೆ ಉಬ್ಬಿ ಒಡೆಯಬಹುದು.

ಸ್ಪೀಕರ್ ಕೊಂಡಾಯಿತು. ನನ್ನನ್ನು ಕೇಳಿದರೆ ಸದ್ದಿನ ಅರ್ಧಭಾಗ ಕೂರಿಸುವುದರಲ್ಲಿದೆ. ಕೋನ್ ಮುಂದಕ್ಕೆ ಬಂದಾಗ ಎದುರಿನ ಗಾಳಿ ಒತ್ತುತ್ತದೆ, ಹಿಂದಿನ ಗಾಳಿ ಅದೇ ಹೊತ್ತಿಗೆ ಸಡಿಲಾಗುತ್ತದೆ. ಬಾಗಿಲಿನ ಒಳತಗಡಿನಲ್ಲಿ ಅಂಗೈ ಅಗಲದ ತೂತುಗಳಿದ್ದರೆ ಎರಡೂ ಸೇರಿ ಒಂದನ್ನೊಂದು ಅಳಿಸಿಬಿಡುತ್ತವೆ, ಬಾಸ್ ಸತ್ತುಹೋಗುತ್ತದೆ. ಆ ತೂತುಗಳನ್ನು ಮುಚ್ಚಬೇಕು. ಚಿಕ್ಕವಕ್ಕೆ ಅಲ್ಯೂಮಿನಿಯಂ ಹಾಳೆ ಅಂಟಿದ ಬ್ಯೂಟೈಲ್ (ಅಂಟು ರಬ್ಬರ್) ಶೀಟ್ ಸಾಕು. ಗ್ಲಾಸ್ ಮೆಷಿನ್ ತೆಗೆಯಲು ಬೇಕಾಗುವ ದೊಡ್ಡ ತೂತಿಗೆ ತೆಳು ಅಲ್ಯೂಮಿನಿಯಂ ತಗಡು ಕತ್ತರಿಸಿ ನಾಲ್ಕು ಸ್ಕ್ರೂ ಹಾಕಿ, ನಾಳೆ ಮೆಕ್ಯಾನಿಕ್ ಬೈಯದಿರಲಿ. ಹೊರ ತಗಡಿನ ಒಳಮೈಗೆ, ಸ್ಪೀಕರಿನ ಎದುರು ಮತ್ತು ಸುತ್ತ, 2 ಮಿ.ಮೀ. ಬ್ಯೂಟೈಲ್ ಶೀಟನ್ನು ಮೂರನೇ ಒಂದು ಭಾಗದಷ್ಟು ಅಂಟಿಸಿದರೂ ಸಾಕು, ಪೂರ್ತಿ ಮೆತ್ತುವುದು ಬರೀ ಭಾರ. ಬೆರಳ ಗೆಣ್ಣಿನಿಂದ ಬಾಗಿಲಿಗೆ ಬಡಿದು ನೋಡಿ. ಡಬ್ಬ ಬಡಿದಂತೆ ಇದ್ದ ಸದ್ದು ದಪ್ಪ ಮರ ಬಡಿದಂತೆ ಆದರೆ ಆಯಿತು. ಅಂಟಿಸುವ ಮೊದಲು ತಗಡಿನ ದೂಳು ಎಣ್ಣೆ ಎಲ್ಲ ಥಿನ್ನರಿನಿಂದ ಒರೆಸಿ. ಚಿಕ್ಕಮಗಳೂರಿನ ಡಿಸೆಂಬರ್ ಚಳಿಯಲ್ಲಿ ಬೆಳಗ್ಗೆ ಈ ಶೀಟ್ ಹಿಡಿಯುವುದೇ ಇಲ್ಲ, ಮಧ್ಯಾಹ್ನ ಬಿಸಿಲಲ್ಲಿ ಕಾಯಿಸಿ ಅಂಟಿಸಿ. ತಳದ ನೀರಿನ ತೂತಿನ ಹತ್ತಿರ ಮಾತ್ರ ಶೀಟ್ ಹೋಗಬಾರದು.

ಪ್ಯಾಡಿನ ಹಿಂದೆ ಕಂಪನಿ ಅಂಟಿಸಿದ್ದ ಪ್ಲಾಸ್ಟಿಕ್ ಹಾಳೆ ಕಸವಲ್ಲ. ಅದನ್ನು ಹರಿದು ಬಿಸಾಡಿದ ಕಾರುಗಳಲ್ಲೇ ಮಳೆ ಬಂದಾಗ ಕಾಲಡಿಯ ಮ್ಯಾಟ್ ಒದ್ದೆಯಾಗುವುದು. ಹೊಸ ಬ್ಯೂಟೈಲ್ ಹಗ್ಗ ಸುತ್ತ ಇಟ್ಟು ಮತ್ತೆ ಅಂಟಿಸಿ, ಕೆಳ ಅಂಚು ಬಾಗಿಲಿನ ಒಳಭಾಗಕ್ಕೆ ಇಳಿದಿರಬೇಕು. ಸ್ಪೀಕರಿನ ಬೆನ್ನಿಗೆ ಮೇಲಿನಿಂದ ಬೀಳುವ ನೀರು ತಡೆಯಲು ರಿಂಗಿನ ಮೇಲರ್ಧಕ್ಕೆ ಗಟ್ಟಿ ಪ್ಲಾಸ್ಟಿಕ್ಕಿನ ಸಣ್ಣ ಚಜ್ಜಾ ಮಾಡಿ. ಪೂರ್ತಿ ಮುಚ್ಚಿದ ಡಬ್ಬಿ ಬೇಡ, ಬಾಸ್ ಹೋಗುತ್ತದೆ. ವೈರು ಟರ್ಮಿನಲ್ಲಿಗೆ ಕೆಳಗಿನಿಂದ ಮೇಲಕ್ಕೆ ಬರಲಿ. ಮೇಲಿನಿಂದ ಬಂದರೆ ನೀರು ಅದನ್ನೇ ಹಿಡಿದು ಇಳಿಯುತ್ತದೆ. ಸ್ಕ್ರೂ ಸ್ಟೇನ್‌ಲೆಸ್ ಸ್ಟೀಲಿನವಿರಲಿ, ಎದುರುಬದುರು ಸರದಿಯಲ್ಲಿ ಬಿಗಿಸಿ. ಒಂದೇ ಕಡೆ ಬಿಗಿದರೆ ಸ್ಪೀಕರಿನ ತಗಡು ಸೊಟ್ಟಗಾಗಿ ಕಾಯಿಲ್ ಉಜ್ಜುತ್ತದೆ. ಸ್ಪೀಕರಿನ ಮುಂದಿನ ಅಂಚಿಗೆ ಫೋಮ್ ಪಟ್ಟಿ ಅಂಟಿಸಿ ಜಾಲರಿಗೆ ತಾಗುವಂತೆ ಮಾಡಿದರೆ ಸದ್ದು ಪ್ಯಾಡಿನ ಹಿಂದೆ ಸೋರುವುದಿಲ್ಲ.

ವೈರಿನ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಕಾರಿನಲ್ಲಿರುವ 0.5 ಚದರ ಮಿ.ಮೀ. ವೈರು 18 ವ್ಯಾಟಿಗೆ ಧಾರಾಳ, ತುಕ್ಕು ಹಿಡಿದು ಕಪ್ಪಾಗಿದ್ದರೆ ಮಾತ್ರ 1 ಚದರ ಮಿ.ಮೀ. ತಾಮ್ರದ್ದು ಎಳೆಯಿರಿ. ಈಗಿನ ಸೆಟ್ಟುಗಳಲ್ಲಿ ಮುಂದಿನ ಎಡ ಬಿಳಿ, ಮುಂದಿನ ಬಲ ಬೂದು, ಹಿಂದಿನ ಎಡ ಹಸಿರು, ಹಿಂದಿನ ಬಲ ನೇರಳೆ. ಅದೇ ಬಣ್ಣದಲ್ಲಿ ಕಪ್ಪು ಗೆರೆ ಇದ್ದರೆ ಮೈನಸ್. ಕ್ಯಾಸೆಟ್ ಕಾಲದ ಕಾರಿಗೆ ಹೊಸ ಸೆಟ್ ಹಾಕುವಾಗ ಇನ್ನೊಂದು ಪರೀಕ್ಷೆ ಬಿಡಬೇಡಿ. ಸೆಟ್ಟಿನ ಕಪ್ಲರ್ (ವೈರು ಸೇರುವ ಪ್ಲಗ್) ಬಿಚ್ಚಿ, ಮಲ್ಟಿಮೀಟರನ್ನು ಬೀಪ್‌ಗೆ ಇಟ್ಟು ಅದರ ಒಂದು ತುದಿ ಕಾರಿನ ಬಾಡಿಯ ತಗಡಿಗೆ, ಇನ್ನೊಂದು ಒಂದೊಂದೇ ಸ್ಪೀಕರ್ ವೈರಿಗೆ ಹಿಡಿಯಿರಿ. ಯಾವುದೂ ಬೀಪ್ ಎನ್ನಬಾರದು. ಎಂದರೆ ಹಿಂದೆ ಯಾರೋ ಮೈನಸ್ಸನ್ನು ಬಾಡಿಗೇ ಕೊಟ್ಟಿದ್ದಾರೆ ಅಥವಾ ವೈರು ಎಲ್ಲೋ ಸವೆದು ತಗಡಿಗೆ ತಾಗುತ್ತಿದೆ. ಹೊಸ ಸೆಟ್ಟಿನ ಮೈನಸ್ ವೈರಿನಲ್ಲೂ ಸುಮಾರು 7 ವೋಲ್ಟ್ ಇರುತ್ತದೆ, ಅದು ಬಾಡಿಗೆ ತಾಗಿದರೆ ಚಿಪ್ ಸುಟ್ಟುಹೋಗಬಹುದು.

ಪ್ಲಸ್ ಮೈನಸ್ ಅದಲುಬದಲಾದರೆ ಸ್ಪೀಕರಿಗೆ ಏನೂ ಆಗುವುದಿಲ್ಲ, ಆದರೆ ಎಡದ ಕೋನ್ ಮುಂದೆ ಬರುವಾಗ ಬಲದ್ದು ಹಿಂದೆ ಹೋಗಿ ಇಡೀ ಕಾರಿನ ಬಾಸ್ ತೆಳುವಾಗುತ್ತದೆ. ಸ್ಪೀಕರೇ ಚೆನ್ನಾಗಿಲ್ಲ ಎಂದು ಜನ ವಾಪಸ್ ಕೊಡಲು ಹೋಗುವುದು ಎಷ್ಟೋ ಸಲ ಇದಕ್ಕೇ. ಸೆಟ್ಟಿನ ಹಿಂದೆ ವೈರು ಕಳಚಿರುವಾಗ ಗೋಡೆ ಗಡಿಯಾರದ 1.5 ವೋಲ್ಟಿನ ಸೆಲ್ ಒಂದನ್ನು ಆ ತುದಿಗಳಿಗೆ ಕ್ಷಣಮಾತ್ರ ಮುಟ್ಟಿಸಿ. ಬಾಗಿಲಿನ ಹತ್ತಿರ ಇನ್ನೊಬ್ಬರು ನೋಡುತ್ತಿರಲಿ. ಟಪ್ ಎಂದು ಕೋನ್ ಹೊರಕ್ಕೆ ಬಂದರೆ ಸೆಲ್ಲಿನ ಪ್ಲಸ್ ತಾಗಿದ ವೈರೇ ಪ್ಲಸ್. ಕೆಪಾಸಿಟರ್ ಹಾಕುವ ನಾಲ್ಕು ಇಂಚಿನವನ್ನು ಅದು ಸೇರಿಸುವ ಮುಂಚೆ ಹೀಗೆ ನೋಡಿಕೊಳ್ಳಿ. ಎಲ್ಲವನ್ನೂ ಒಂದೇ ದಿಕ್ಕಿಗೆ ತನ್ನಿ.

ಆಂಪ್ಲಿಫೈಯರ್ ಹಾಕುವವರಿಗೆ ಒಂದೇ ಮಾತು. ಬ್ಯಾಟರಿಯಿಂದ ಬರುವ ಪ್ಲಸ್ ವೈರಿಗೆ ಬ್ಯಾಟರಿಯ 45 ಸೆಂ.ಮೀ. ಒಳಗೇ ಫ್ಯೂಸ್ ಇರಬೇಕು, ಆಂಪ್ಲಿಫೈಯರಿನ ಹತ್ತಿರ ಇದ್ದರೆ ಉಪಯೋಗವಿಲ್ಲ. ತಗಡಿನ ತೂತಿನಲ್ಲಿ ವೈರು ಸವೆದು ತಾಗಿದರೆ ಬೆಂಕಿ ಹತ್ತುವುದು ಬ್ಯಾಟರಿಗೂ ಆ ತೂತಿಗೂ ನಡುವೆ.

ಎಲ್ಲ ಮುಗಿದ ಮೇಲೆ ಪ್ಯಾಡ್ ಪೂರ್ತಿ ಕೂರಿಸುವ ಮೊದಲು ಗ್ಲಾಸನ್ನು ಐದಾರು ಸಲ ಮೇಲೆ ಕೆಳಗೆ ಮಾಡಿ, ಪೈಪಿನಿಂದ ಗ್ಲಾಸಿನ ಮೇಲೆ ಹತ್ತು ನಿಮಿಷ ನೀರು ಬಿಟ್ಟು, ಚಜ್ಜಾದ ಕೆಳಗೆ ಟಿಶ್ಯೂ ಕಾಗದ ಇಟ್ಟು ತೆಗೆಯಿರಿ. ಒದ್ದೆಯಾಗಿದ್ದರೆ ಚಜ್ಜಾ ಇನ್ನೂ ಒಂದಿಂಚು ಚಾಚಬೇಕು. ಮುಂಗಾರು ಶುರುವಾಗಿ ಮೂರು ವಾರಕ್ಕೆ ಮತ್ತೊಮ್ಮೆ ಡ್ರೈವರ್ ಬದಿಯ ಪ್ಯಾಡ್ ಒಂದನ್ನೇ ಬಿಚ್ಚಿ ಸ್ಕ್ರೂಗಳಿಗೆ ಅರ್ಧ ಸುತ್ತು ಬಿಗಿ ಕೊಡಿ. ತೋಟದ ರಸ್ತೆಯ ಕುಲುಕಾಟಕ್ಕೆ ಆ ಹೊತ್ತಿಗೆ ಅವು ಸಡಿಲಾಗಿರುತ್ತವೆ. ತಳದ ತೂತಿನಲ್ಲಿ ಮತ್ತೆ ಎಲೆ ಕೂತಿದ್ದರೆ ಅದನ್ನೂ ತೆಗೆದುಬಿಡಿ.